ಲೋಡ್ ಸೆಲ್‌ಗೆ ದುಬಾರಿ ರೆಫರೆನ್ಸ್ ಹಾಕಿದರೆ ತೂಕ ನಿಲ್ಲುತ್ತಾ?

ಪ್ರಶ್ನೆ: ನಮಸ್ಕಾರ ಸರ್. 50 ಕೆಜಿಯ, 350 ಓಮ್ ಲೋಡ್ ಸೆಲ್ (ತೂಕವನ್ನು ವೋಲ್ಟೇಜ್ ಆಗಿಸುವ ಸೆನ್ಸರ್) ಒಂದಕ್ಕೆ ನಾನೇ ಬೋರ್ಡ್ ಮಾಡಿದ್ದೇನೆ. ಪೂರ್ತಿ ತೂಕಕ್ಕೆ ಸೆಲ್‌ನ ಔಟ್‌ಪುಟ್, ಕೊಟ್ಟ ಪ್ರತಿ ವೋಲ್ಟ್‌ಗೆ 2 ಮಿಲಿವೋಲ್ಟ್. 5 ವೋಲ್ಟ್ ರೆಗ್ಯುಲೇಟರ್‌ನಿಂದ ಎಕ್ಸೈಟೇಶನ್ (ಸೆಲ್ ನಡೆಯಲು ಬೇಕಾದ ವೋಲ್ಟೇಜ್) ಕೊಡುತ್ತಿದ್ದೇನೆ. ಸಿಗ್ನಲ್ ಅನ್ನು ಇನ್‌ಸ್ಟ್ರುಮೆಂಟೇಶನ್ ಆಂಪ್ಲಿಫೈಯರ್‌ನಲ್ಲಿ 200 ಪಟ್ಟು ಹಿಗ್ಗಿಸಿ 24 ಬಿಟ್ ಎಡಿಸಿಗೆ (ವೋಲ್ಟೇಜನ್ನು ಅಂಕಿಯಾಗಿಸುವ ಚಿಪ್) ಕೊಡುತ್ತೇನೆ. ಎಡಿಸಿಗೆ ಅಳತೆಗೋಲಾಗಿ 2.5 ವೋಲ್ಟ್‌ನ ಬೇರೆ ರೆಫರೆನ್ಸ್ ಚಿಪ್ ಇದೆ. ಕೇಬಲ್ 12 ಮೀಟರ್, ನಾಲ್ಕು ವೈರ್, ಒಂದೊಂದೂ 0.2 ಚದರ ಮಿ.ಮೀ. ಖಾಲಿ ಇದ್ದಾಗ ರೀಡಿಂಗ್ ಚೆನ್ನಾಗಿ ನಿಲ್ಲುತ್ತದೆ. ಆದರೆ 40 ಕೆಜಿ ಇಟ್ಟು ಬಿಟ್ಟರೆ ಮಧ್ಯಾಹ್ನದ ಹೊತ್ತಿಗೆ ಸುಮಾರು 60 ಗ್ರಾಂ ಕಡಿಮೆ ತೋರಿಸುತ್ತದೆ. ಅಷ್ಟರಲ್ಲಿ 12 ಡಿಗ್ರಿ ಬಿಸಿ ಏರಿರುತ್ತದೆ. ಸಂಜೆ ತಂಪಾದಾಗ ತೂಕ ಮುಟ್ಟದಿದ್ದರೂ ಮತ್ತೆ ಸರಿಯಾಗುತ್ತದೆ. ಎಕ್ಸೈಟೇಶನ್‌ಗೂ ಡಿಗ್ರಿಗೆ 2 ಪಿಪಿಎಂ (ಹತ್ತು ಲಕ್ಷದಲ್ಲಿ 2 ಭಾಗ) ಮಾತ್ರ ಜಾರುವ ಒಳ್ಳೆಯ ರೆಫರೆನ್ಸ್ ಚಿಪ್ ಹಾಕಿದರೆ ಇದು ನಿಲ್ಲುತ್ತಾ?

ಉತ್ತರ: ಚಿಪ್ ಕೊಳ್ಳುವ ಮುಂಚೆ ಸ್ವಲ್ಪ ತಡೆಯಿರಿ. ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ. ಖಾಲಿ ಇದ್ದಾಗ ನಿಲ್ಲುತ್ತದೆ, ತೂಕ ಇದ್ದಾಗ ಜಾರುತ್ತದೆ ಅಂದಿರಿ. ಅಂದರೆ ತಪ್ಪು ತೂಕದ ಜೊತೆ ಬೆಳೆಯುತ್ತಿದೆ. ಇದು ಝೀರೋ ಡ್ರಿಫ್ಟ್ (ಸೊನ್ನೆಯೇ ಜಾರುವುದು) ಅಲ್ಲ, ಗೇನ್ ಡ್ರಿಫ್ಟ್ (ಹಿಗ್ಗಿಸುವ ಪ್ರಮಾಣ ಜಾರುವುದು). ಆಂಪ್ಲಿಫೈಯರ್‌ನ ಆಫ್‌ಸೆಟ್ (ಇನ್‌ಪುಟ್ ಸೊನ್ನೆ ಇದ್ದರೂ ಬರುವ ಪುಟ್ಟ ವೋಲ್ಟೇಜ್) ಜಾರಿದ್ದರೆ ಖಾಲಿ ರೀಡಿಂಗೂ ಅಷ್ಟೇ ಜಾರಬೇಕಿತ್ತು. ಇನ್ನೊಂದು ಅನುಮಾನ ಕ್ರೀಪ್ ಮೇಲೆ ಬರಬಹುದು. ತೂಕ ತುಂಬಾ ಹೊತ್ತು ಕೂತರೆ ಸೆಲ್‌ನ ಲೋಹ ನಿಧಾನಕ್ಕೆ ಬಗ್ಗುತ್ತಾ ಹೋಗುತ್ತದಲ್ಲ, ಅದು. ಆದರೆ ಕ್ರೀಪ್ ಆಗಿದ್ದರೆ ತೂಕ ತೆಗೆಯದೆ ಸಂಜೆ ತಾನಾಗಿ ವಾಪಸ್ ಬರುತ್ತಿರಲಿಲ್ಲ. ಹಾಗಾಗಿ ಅದನ್ನೂ ಪಕ್ಕಕ್ಕಿಡೋಣ.

40 ಕೆಜಿಯಲ್ಲಿ 60 ಗ್ರಾಂ ಅಂದರೆ 1500 ಪಿಪಿಎಂ. 12 ಡಿಗ್ರಿಗೆ ಹಂಚಿದರೆ ಡಿಗ್ರಿಗೆ 125. ಸಾಧಾರಣ ರೆಗ್ಯುಲೇಟರ್‌ಗಳ ಔಟ್‌ಪುಟ್ ಡಿಗ್ರಿಗೆ 100 ಪಿಪಿಎಂ ಜಾರುವುದು ಏನೂ ವಿಶೇಷವಲ್ಲ, ಹಳೆಯ 7805 ಅಂತೂ ಡಿಗ್ರಿಗೆ ಹೆಚ್ಚುಕಡಿಮೆ 1 ಮಿಲಿವೋಲ್ಟ್, ಅಂದರೆ 200 ಪಿಪಿಎಂ ಜಾರುತ್ತದೆ. ನಿಮ್ಮದು ಬಿಸಿಗೆ 100 ಇಳಿಯುತ್ತದೆ ಅಂತ ಇಟ್ಟುಕೊಂಡರೆ 12 ಡಿಗ್ರಿಗೆ 1200 ಪಿಪಿಎಂ, 40 ಕೆಜಿಗೆ 48 ಗ್ರಾಂ. ಸೆಲ್‌ನ ಔಟ್‌ಪುಟ್ ಎಕ್ಸೈಟೇಶನ್‌ನ ಜೊತೆಗೇ ಏರಿಳಿಯುತ್ತದೆ, ಎಡಿಸಿ ಮಾತ್ರ ಅಲುಗದ ತನ್ನ 2.5 ವೋಲ್ಟ್ ಇಟ್ಟುಕೊಂಡು ಅಳೆಯುತ್ತದೆ. ತೂಕ ಕಡಿಮೆ ಕಾಣದೆ ಇನ್ನೇನು?

ಉಳಿದ 12 ಗ್ರಾಂ ಎಲ್ಲಿ? ಅದು ಕೇಬಲ್‌ನಲ್ಲಿದೆ. 0.2 ಚದರ ಮಿ.ಮೀ. ತಾಮ್ರದ ವೈರ್ ಮೀಟರ್‌ಗೆ ಸುಮಾರು 0.0875 ಓಮ್. ಹೋಗಿ ಬರಲು 24 ಮೀಟರ್, ಅಲ್ಲಿಗೆ 2.1 ಓಮ್. ಸೆಲ್‌ನೊಳಗಿನ 350 ಓಮ್ ಬ್ರಿಡ್ಜ್ (ನಾಲ್ಕು ರೆಸಿಸ್ಟರ್‌ಗಳ ಜೋಡಣೆ) ಮುಂದೆ ಇದು ಶೇ. 0.6. ಇಷ್ಟು ವೋಲ್ಟೇಜ್ ದಾರಿಯಲ್ಲೇ ಬಿದ್ದುಹೋಗುತ್ತದೆ. ಬಿದ್ದರೆ ಬೀಳಲಿ, ಕ್ಯಾಲಿಬ್ರೇಶನ್‌ನಲ್ಲಿ ಸರಿಮಾಡಬಹುದು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ತೊಂದರೆ ಏನೆಂದರೆ ತಾಮ್ರದ ರೆಸಿಸ್ಟೆನ್ಸ್ ಡಿಗ್ರಿಗೆ ಶೇ. 0.39 ಏರುತ್ತದೆ. 12 ಡಿಗ್ರಿಗೆ ಶೇ. 4.7. ಆ ಶೇ. 0.6ರಲ್ಲಿ ಶೇ. 4.7 ಅಂದರೆ 280 ಪಿಪಿಎಂ, 11 ಗ್ರಾಂ. ಬಿಸಿಯಾದಷ್ಟೂ ಸೆಲ್‌ಗೆ ಸಿಗುವ ವೋಲ್ಟೇಜ್ ಕಡಿಮೆ, ರೀಡಿಂಗ್ ಕಡಿಮೆ. ಎರಡನ್ನೂ ಕೂಡಿಸಿ ನೋಡಿ, 59 ಗ್ರಾಂ. ರೆಗ್ಯುಲೇಟರ್‌ನ 100 ನನ್ನ ಊಹೆ, ಹಾಗಾಗಿ ಲೆಕ್ಕ ಇಷ್ಟು ಚೆನ್ನಾಗಿ ಕೂತಿದ್ದಕ್ಕೆ ಜಾಸ್ತಿ ಬೆಲೆ ಕೊಡಬೇಡಿ. ನಿಮ್ಮ ಆಂಪ್ಲಿಫೈಯರ್‌ನ ಗೇನ್ ಕೂಡ ಜಾರುತ್ತಿರುತ್ತದೆ, ಅದಕ್ಕೆ ಆಮೇಲೆ ಬರುತ್ತೇನೆ.

ಈಗ ನೀವು ಕೇಳಿದ 2 ಪಿಪಿಎಂ ಚಿಪ್ ಹಾಕಿದಿರಿ ಅಂತಿಟ್ಟುಕೊಳ್ಳಿ. 48 ಗ್ರಾಂ ಹೋಗಿ 1 ಗ್ರಾಂ ಆಗುತ್ತದೆ, ನಿಜ. ಕೇಬಲ್‌ನ 11 ಗ್ರಾಂ ಹಾಗೇ ಇರುತ್ತದೆ, ಏಕೆಂದರೆ ಚಿಪ್ ನೋಡಿಕೊಳ್ಳುವುದು ತನ್ನ ಪಿನ್‌ವರೆಗೆ ಮಾತ್ರ, 12 ಮೀಟರ್ ಆಚೆ ಏನಾಯಿತು ಅಂತ ಅದಕ್ಕೆ ಗೊತ್ತಿಲ್ಲ. ಜೊತೆಗೆ ಹೊಸದೊಂದು ತಲೆನೋವು. 350 ಓಮ್ ಸೆಲ್ 5 ವೋಲ್ಟ್‌ಗೆ 14.3 ಮಿಲಿಆಂಪ್ ಎಳೆಯುತ್ತದೆ. ಒಳ್ಳೆಯ ರೆಫರೆನ್ಸ್ ಚಿಪ್‌ಗಳಲ್ಲಿ ಹೆಚ್ಚಿನವು ಕೊಡುವುದು 10 ಮಿಲಿಆಂಪ್ ಆಸುಪಾಸು. ಹಾಗಾಗಿ ಆಪ್ ಆಂಪ್, ಟ್ರಾನ್ಸಿಸ್ಟರ್ ಹಾಕಿ ಬಫರ್ (ಹೆಚ್ಚು ಕರೆಂಟ್ ಕೊಡಬಲ್ಲ ನಡುವಿನ ಸರ್ಕ್ಯೂಟ್) ಕಟ್ಟಬೇಕು. ನಾಳೆ ನಾಲ್ಕು ಸೆಲ್ ಪ್ಯಾರಲಲ್ ಜೋಡಿಸಿದರೆ 57 ಮಿಲಿಆಂಪ್. ಆ ಬಫರ್ ಉದ್ದದ ಕೇಬಲ್‌ನ ಕೆಪಾಸಿಟೆನ್ಸ್ ನೋಡಿ ಆಸಿಲೇಟ್ ಆಗಲು ಶುರುವಾದರೆ ಅದನ್ನು ಹಿಡಿಯುವುದು ಇನ್ನೊಂದು ಕೆಲಸ. ಇಷ್ಟೆಲ್ಲಾ ಮಾಡಿದ ಮೇಲೂ ಎರಡು ರೆಫರೆನ್ಸ್‌ಗಳು ಬೇರೆ ಬೇರೆ ದಿಕ್ಕಿಗೆ ಜಾರುವುದನ್ನು ಯಾರೂ ತಡೆಯಲಾಗದು.

ನಿಮಗೆ ಬೇಕಿರುವುದು ನಿಖರವಾದ 5 ವೋಲ್ಟ್ ಅಲ್ಲ. ಸೆಲ್ ಕೊಡುವುದು ಒಂದು ಅನುಪಾತ. ವೋಲ್ಟ್‌ಗೆ ಇಷ್ಟು ಮಿಲಿವೋಲ್ಟ್, ಅಷ್ಟೇ. ಎಡಿಸಿ ಕೊಡುವುದೂ ಅನುಪಾತವೇ, ಇನ್‌ಪುಟ್ ಭಾಗಿಸು ರೆಫರೆನ್ಸ್. ಎಕ್ಸೈಟೇಶನ್ ವೋಲ್ಟೇಜನ್ನೇ ಎಡಿಸಿಯ ರೆಫರೆನ್ಸ್ ಪಿನ್‌ಗೆ ಕೊಟ್ಟರೆ ಮೇಲೂ ಅದೇ, ಕೆಳಗೂ ಅದೇ, ಹೊಡೆದುಹೋಗುತ್ತದೆ. ತಕ್ಕಡಿಯ ಎರಡೂ ತಟ್ಟೆಗೆ ಒಂದೇ ಭಾರ ಸೇರಿಸಿದರೆ ಮುಳ್ಳು ಅಲುಗುವುದಿಲ್ಲವಲ್ಲ, ಹಾಗೆ. 5 ವೋಲ್ಟ್ ಹೋಗಿ 4.9 ಆಗಲಿ, 5.1 ಆಗಲಿ, ಅಂಕಿ ಅಲ್ಲೇ ಇರುತ್ತದೆ. ಇದನ್ನೇ ರೇಶಿಯೋಮೆಟ್ರಿಕ್ ಅಳತೆ ಅನ್ನುವುದು. ಸ್ವಲ್ಪ ಕೆಣಕುವ ಮಾತು ಹೇಳಲಾ? ಎಲ್ಲರೂ ಆಟಿಕೆ ಅಂತ ನಗುವ ಎಚ್‌ಎಕ್ಸ್711 ಅನ್ನುವ ಲೋಡ್ ಸೆಲ್ ಎಡಿಸಿ ಚಿಪ್ ಒಳಗೆ ಇದೇ ಕೆಲಸ ನಡೆಯುತ್ತದೆ. ಸೆಲ್‌ಗೆ ಹೋಗುವ ಅನಲಾಗ್ ಸಪ್ಲೈಯೇ ಅದರ ರೆಫರೆನ್ಸ್. ಈ ಒಂದು ವಿಷಯದಲ್ಲಿ ಅದು ನಿಮ್ಮ ಬೋರ್ಡ್‌ಗಿಂತ ಮುಂದಿದೆ, ಬೇಸರ ಮಾಡಿಕೊಳ್ಳಬೇಡಿ.

ಹಾಗಾದರೆ ಬೋರ್ಡ್ ಮೇಲಿನ 5 ವೋಲ್ಟನ್ನು ಸೀದಾ ರೆಫರೆನ್ಸ್ ಪಿನ್‌ಗೆ ಎಳೆದರೆ ಮುಗಿಯಿತಾ? 48 ಗ್ರಾಂ ಹೋಗುತ್ತದೆ, ಕೇಬಲ್‌ನ 11 ಉಳಿಯುತ್ತದೆ. ಅದೂ ಹೋಗಬೇಕಾದರೆ ರೆಫರೆನ್ಸ್ ಅನ್ನು ಸೆಲ್‌ನ ಬಾಗಿಲಿಂದಲೇ ತರಬೇಕು. ಅದಕ್ಕೇ ಆರು ವೈರ್ ಕೇಬಲ್ ಇರುವುದು. ಎರಡು ವೈರ್ ಎಕ್ಸೈಟೇಶನ್‌ಗೆ, ಎರಡು ಸಿಗ್ನಲ್‌ಗೆ, ಇನ್ನೆರಡು ಸೆನ್ಸ್. ಸೆನ್ಸ್ ವೈರ್‌ಗಳಲ್ಲಿ ಕರೆಂಟ್ ಇಲ್ಲದ ಹಾಗೇ, ಹಾಗಾಗಿ ಅವುಗಳಲ್ಲಿ ವೋಲ್ಟೇಜ್ ಬೀಳುವುದಿಲ್ಲ. ಸೆಲ್‌ಗೆ ನಿಜವಾಗಿ ಎಷ್ಟು ಸಿಕ್ಕಿತು ಅನ್ನುವ ಸುದ್ದಿಯನ್ನು ಅವು ಹೊತ್ತು ತರುತ್ತವೆ, ನೀವು ಅದನ್ನು ಎಡಿಸಿಯ ಪ್ಲಸ್ ಮತ್ತು ಮೈನಸ್ ರೆಫರೆನ್ಸ್ ಪಿನ್‌ಗಳಿಗೆ ಕೊಡುತ್ತೀರಿ. ಮೈನಸ್ ಪಿನ್ ಅನ್ನು ಬೋರ್ಡ್‌ನ ಗ್ರೌಂಡ್‌ಗೆ ಕಟ್ಟಿಬಿಡುವವರು ತುಂಬಾ ಜನ. ಹಾಗೆ ಮಾಡಿದರೆ ವಾಪಸ್ ಬರುವ ವೈರ್‌ನ ಡ್ರಾಪ್ ಲೆಕ್ಕಕ್ಕೆ ಬರುವುದಿಲ್ಲ, ಅರ್ಧ ಲಾಭ ಅಲ್ಲೇ ಹೋಯಿತು. ಅಂದಹಾಗೆ ಎಚ್‌ಎಕ್ಸ್711ಗೆ ಬೇರೆ ರೆಫರೆನ್ಸ್ ಪಿನ್ ಇಲ್ಲ, ಉದ್ದದ ಕೇಬಲ್‌ಗೆ ಅದು ಸೋಲುವುದು ಇಲ್ಲೇ.

ನಿಮ್ಮ ಸೆಲ್ ನಾಲ್ಕು ವೈರ್‌ನದ್ದಾದರೆ ಅದನ್ನು ಎಸೆಯಬೇಕಿಲ್ಲ. ಸೆಲ್ ಜೊತೆ ಬಂದ ಕೇಬಲ್ ಮುಗಿಯುವ ಜಾಗದಲ್ಲಿ ಜಂಕ್ಷನ್ ಬಾಕ್ಸ್ ಇಡಿ, ಅಲ್ಲಿಂದ ಬೋರ್ಡ್‌ವರೆಗೆ ಆರು ವೈರ್ ಎಳೆಯಿರಿ, ಸೆನ್ಸನ್ನು ಎಕ್ಸೈಟೇಶನ್‌ಗೆ ಆ ಬಾಕ್ಸ್‌ನಲ್ಲಿ ಜೋಡಿಸಿ. ಸೆಲ್ ಜೊತೆ ಬಂದ ಕೇಬಲ್ ಉದ್ದ ಜಾಸ್ತಿ ಆಯಿತು ಅಂತ ಮಾತ್ರ ಕತ್ತರಿಸಬೇಡಿ. ನಾಲ್ಕು ವೈರ್ ಸೆಲ್ ಅನ್ನು ತಯಾರಕರು ಆ ಕೇಬಲ್ ಸಮೇತ ಕ್ಯಾಲಿಬ್ರೇಟ್ ಮಾಡಿರುತ್ತಾರೆ. ಹೊಸ ಕೇಬಲ್ ಎಳೆಯಲು ಆಗುವುದೇ ಇಲ್ಲ, ನಾಲ್ಕೇ ಕೋರ್ ಇದೆ ಅನ್ನುವ ಕಡೆ ಮುಂದಿನ ಸಲ ದಪ್ಪ ವೈರ್ ಹಾಕಿ. 0.5 ಚದರ ಮಿ.ಮೀ. ಆದರೆ ನಿಮ್ಮ 11 ಗ್ರಾಂ ನಾಲ್ಕೂವರೆಗೆ ಇಳಿಯುತ್ತದೆ.

ಇಲ್ಲಿ ಒಬ್ಬರಲ್ಲ ಒಬ್ಬರು ಕೇಳುತ್ತಾರೆ, ಸ್ಥಿರ ಕರೆಂಟ್ ಕೊಟ್ಟುಬಿಟ್ಟರೆ ವೈರ್ ರೆಸಿಸ್ಟೆನ್ಸ್ ಲೆಕ್ಕಕ್ಕೇ ಬರುವುದಿಲ್ಲ ಅಲ್ವಾ ಅಂತ. ಬರಿಯ ಬ್ರಿಡ್ಜ್‌ಗೆ ಅದು ಸರಿ. ಆದರೆ ಅಂಗಡಿಯಲ್ಲಿ ಸಿಗುವ ಲೋಡ್ ಸೆಲ್ ಬರಿಯ ಬ್ರಿಡ್ಜ್ ಅಲ್ಲ. ಬಿಸಿಯಾದಾಗ ಲೋಹ ಸ್ವಲ್ಪ ಮೆತ್ತಗಾಗುತ್ತದೆ, ಅದೇ ತೂಕಕ್ಕೆ ಜಾಸ್ತಿ ಬಗ್ಗುತ್ತದೆ. ಅದನ್ನು ಸರಿದೂಗಿಸಲು ಎಕ್ಸೈಟೇಶನ್ ದಾರಿಯಲ್ಲಿ ಸೀರೀಸ್ ಆಗಿ ಬಿಸಿಗೆ ಏರುವ ರೆಸಿಸ್ಟರ್ ಇಟ್ಟಿರುತ್ತಾರೆ, ಅದು ಬ್ರಿಡ್ಜ್‌ಗೆ ಹೋಗುವ ವೋಲ್ಟೇಜನ್ನು ಅಷ್ಟೇ ಇಳಿಸುತ್ತದೆ. ಈ ಉಪಾಯ ನಡೆಯುವುದು ಹೊರಗಿನಿಂದ ವೋಲ್ಟೇಜ್ ಕೊಟ್ಟಾಗ ಮಾತ್ರ. ಕರೆಂಟ್ ಸೋರ್ಸ್ ಹಾಕಿದರೆ ಆ ರೆಸಿಸ್ಟರ್ ಇದ್ದೂ ಇಲ್ಲದಂತೆ. ತಯಾರಕರು ಕೂತು ಹೊಂದಿಸಿದ್ದನ್ನು ನೀವೇ ಕೆಡಿಸಿದಂತಾಗುತ್ತದೆ.

ಈಗ ರೆಫರೆನ್ಸ್ ದಾರಿಗೆ ಬರೋಣ. ಹೆಚ್ಚಿನವರು ಸಿಗ್ನಲ್ ದಾರಿಯನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಾರೆ, ರೆಫರೆನ್ಸ್ ದಾರಿಯನ್ನು ಸುಮ್ನೆ ಒಂದು ಟ್ರ್ಯಾಕ್ ಅಂತ ಬಿಡುತ್ತಾರೆ. ಲೆಕ್ಕದಲ್ಲಿ ಎರಡಕ್ಕೂ ಒಂದೇ ಬೆಲೆ. ರೆಫರೆನ್ಸ್‌ನಲ್ಲಿ 100 ಪಿಪಿಎಂ ತಪ್ಪಾದರೆ ತೂಕದಲ್ಲೂ 100 ಪಿಪಿಎಂ ತಪ್ಪು.

ನಿಮ್ಮ ಎಡಿಸಿ 2.5 ವೋಲ್ಟ್‌ಗಿಂತ ಜಾಸ್ತಿ ರೆಫರೆನ್ಸ್ ತೆಗೆದುಕೊಳ್ಳದಿದ್ದರೆ ಎರಡು ರೆಸಿಸ್ಟರ್ ಹಾಕಿ 5ನ್ನು ಅರ್ಧ ಮಾಡುತ್ತೀರಿ. ಅಲ್ಲೇ ಹುಷಾರಾಗಿರಬೇಕು. 25 ಪಿಪಿಎಂನ ಎರಡು ಬಿಡಿ ರೆಸಿಸ್ಟರ್ ಎದುರುಬದುರು ದಿಕ್ಕಿಗೆ ಜಾರಿದರೆ ಅನುಪಾತ ಡಿಗ್ರಿಗೆ 25 ಪಿಪಿಎಂ ಕೆಡುತ್ತದೆ, 12 ಡಿಗ್ರಿಗೆ 300. ಕೇಬಲ್‌ನಿಂದ ಉಳಿಸಿದ್ದನ್ನು ಇಲ್ಲಿ ಕಳೆದ ಹಾಗಾಯಿತು. ಒಂದೇ ಪ್ಯಾಕೇಜ್‌ನಲ್ಲಿ ಬರುವ ಜೋಡಿ ರೆಸಿಸ್ಟರ್ ನೆಟ್‌ವರ್ಕ್ ಹಾಕಿ, ಅವು ಏರಿದರೂ ಇಳಿದರೂ ಒಟ್ಟಿಗೆ. ಅದಕ್ಕಿಂತ ಒಳ್ಳೆಯದು 5 ವೋಲ್ಟ್ ರೆಫರೆನ್ಸನ್ನು ನೇರವಾಗಿ ತೆಗೆದುಕೊಳ್ಳುವ, ಒಳಗೇ 128 ಪಟ್ಟು ಗೇನ್ ಇರುವ ಎಡಿಸಿ. ಎಡಿಎಸ್1232 ಅಂಥದ್ದೊಂದು. 5 ವೋಲ್ಟ್ ರೆಫರೆನ್ಸ್, 128 ಗೇನ್‌ಗೆ ಅದರ ಇನ್‌ಪುಟ್ ವ್ಯಾಪ್ತಿ ಪ್ಲಸ್ ಮೈನಸ್ 19.5 ಮಿಲಿವೋಲ್ಟ್, ನಿಮ್ಮ 10 ಮಿಲಿವೋಲ್ಟ್ ಆರಾಮಾಗಿ ಕೂರುತ್ತದೆ. ಆಗ ಹೊರಗಿನ ಆಂಪ್ಲಿಫೈಯರೇ ಬೇಡ. ಬೇಡ ಅನ್ನಲು ನನಗೆ ಇನ್ನೊಂದು ಕಾರಣವೂ ಇದೆ. ನೀವು ಹೊರಗೆ ಹಾಕುವ ಗೇನ್ ರೆಸಿಸ್ಟರ್ ಒಂದು ಥರ ಬಿಸಿಗೆ ಬದಲಾದರೆ ಆಂಪ್ಲಿಫೈಯರ್ ಒಳಗಿನ ರೆಸಿಸ್ಟರ್‌ಗಳು ಇನ್ನೊಂದು ಥರ. ಹತ್ತಾರು ಪಿಪಿಎಂ ಅಲ್ಲಿ ಸುಲಭವಾಗಿ ಸೇರಿಕೊಳ್ಳುತ್ತದೆ, ಯಾವ ರೇಶಿಯೋಮೆಟ್ರಿಯೂ ಅದನ್ನು ಹೊಡೆದುಹಾಕುವುದಿಲ್ಲ.

ರೆಫರೆನ್ಸ್ ಪಿನ್ ಕರೆಂಟ್ ಎಳೆಯುತ್ತದಾ ಅಂತ ಡೇಟಾಶೀಟ್‌ನಲ್ಲಿ ನೋಡಿ. ಒಳಗೆ ಬಫರ್ ಇಲ್ಲದ ಎಡಿಸಿಗಳಲ್ಲಿ ಆ ಪಿನ್ ಹಿಂದೆ ಸ್ವಿಚ್ ಆಗುವ ಕೆಪಾಸಿಟರ್ ಇರುತ್ತದೆ, ಅದು ಸದಾ ಸ್ವಲ್ಪ ಕರೆಂಟ್ ಹೀರುತ್ತಿರುತ್ತದೆ. ಫಿಲ್ಟರ್ ಅಂತ 1 ಕಿಲೋಓಮ್ ಇಟ್ಟಿರಿ, ಪಿನ್ 1 ಮೈಕ್ರೋಆಂಪ್ ಎಳೆಯಿತು, 1 ಮಿಲಿವೋಲ್ಟ್ ಹೋಯಿತು. 5 ವೋಲ್ಟ್‌ನಲ್ಲಿ ಅದು 200 ಪಿಪಿಎಂ. ನಿಂತಲ್ಲೇ ನಿಂತರೆ ಕ್ಯಾಲಿಬ್ರೇಶನ್ ನುಂಗುತ್ತದೆ, ಆದರೆ ಆ ಕರೆಂಟ್ ಬಿಸಿಗೆ ಬದಲಾಗುತ್ತದೆ. ಹಾಗಾಗಿ ಅಲ್ಲಿ ರೆಸಿಸ್ಟರ್ ಚಿಕ್ಕದಿರಲಿ, ಕೆಪಾಸಿಟರ್ ಪಿನ್ ಪಕ್ಕದಲ್ಲೇ ಇರಲಿ.

ನಾಯ್ಸ್ ಬಗ್ಗೆ ನೀವು ಕೇಳಿಲ್ಲ, ಆದರೂ ಒಂದು ಮಾತು. ಎಕ್ಸೈಟೇಶನ್ ನಾಯ್ಸ್‌ಗೆ ಜನ ಬೇಕಿರುವುದಕ್ಕಿಂತ ಜಾಸ್ತಿ ಹೆದರುತ್ತಾರೆ. 5 ವೋಲ್ಟ್ ಮೇಲೆ 10 ಮೈಕ್ರೋವೋಲ್ಟ್ ನಾಯ್ಸ್ ಇದ್ದರೆ ಪೂರ್ತಿ ತೂಕ ಇಟ್ಟಾಗಲೂ ಸಿಗ್ನಲ್‌ನಲ್ಲಿ ಕಾಣುವುದು ವೋಲ್ಟ್‌ಗೆ 2 ಮಿಲಿವೋಲ್ಟ್‌ನ ಲೆಕ್ಕದಲ್ಲಿ 20 ನ್ಯಾನೋವೋಲ್ಟ್. ಅದರಲ್ಲೂ ನಿಧಾನದ ಭಾಗವನ್ನು ರೇಶಿಯೋ ತಿಂದುಹಾಕುತ್ತದೆ. ಖಾಲಿ ಇದ್ದಾಗಲಂತೂ ಅದು ಕಾಣುವುದೇ ಇಲ್ಲ. ಒಂದೇ ಷರತ್ತು, ಸಿಗ್ನಲ್‌ನ ಫಿಲ್ಟರ್ ಮತ್ತು ರೆಫರೆನ್ಸ್‌ನ ಫಿಲ್ಟರ್ ಹೆಚ್ಚುಕಡಿಮೆ ಒಂದೇ ವೇಗದವಾಗಿರಬೇಕು. ರೆಫರೆನ್ಸ್‌ಗೆ ದೊಡ್ಡ ಕೆಪಾಸಿಟರ್ ಹಾಕಿ ಸೋಮಾರಿ ಮಾಡಿ, ಸಿಗ್ನಲ್ ಚುರುಕಾಗಿದ್ದರೆ ಎಕ್ಸೈಟೇಶನ್ ಅಲುಗಿದಾಗ ಎರಡೂ ಒಟ್ಟಿಗೆ ಬರುವುದಿಲ್ಲ, ಹೊಡೆದುಹೋಗುವುದೂ ಇಲ್ಲ. ಮೊಟಾರು, ರಿಲೇ ಹತ್ತಿರ ಇರುವ ತೂಕದ ಯಂತ್ರಗಳಲ್ಲಿ ರೀಡಿಂಗ್ ಕುಣಿಯಲು ಇದೂ ಒಂದು ಕಾರಣ.

ಸಿಗ್ನಲ್ ಫಿಲ್ಟರ್‌ಗೆ 1 ಕಿಲೋಓಮ್ ಎರಡು ಇಡುವ ಅಭ್ಯಾಸವೂ ಬಿಡಿ. 350 ಓಮ್ ಬ್ರಿಡ್ಜ್‌ನ ಸ್ವಂತ ನಾಯ್ಸ್ ರೂಟ್ ಹರ್ಟ್ಜ್‌ಗೆ 2.4 ನ್ಯಾನೋವೋಲ್ಟ್. ನಿಮ್ಮ ಎರಡು ಕಿಲೋಓಮ್‌ಗಳು ಸೇರಿ 5.7 ಕೊಡುತ್ತವೆ, ಸೆಲ್‌ಗಿಂತ ಫಿಲ್ಟರೇ ಜಾಸ್ತಿ ಗಲಾಟೆ. 100 ಓಮ್ ಎರಡು ಸಾಕು. ಎರಡು ಇನ್‌ಪುಟ್‌ಗಳ ನಡುವಿನ ಕೆಪಾಸಿಟರ್ ಗ್ರೌಂಡ್‌ಗೆ ಹಾಕುವವುಗಳ ಹತ್ತು ಪಟ್ಟಾದರೂ ಇರಲಿ, ಇಲ್ಲದಿದ್ದರೆ ಆ ಚಿಕ್ಕವುಗಳ ವ್ಯತ್ಯಾಸವೇ ಸಿಗ್ನಲ್ ಆಗಿ ಕಾಣುತ್ತದೆ. ಸಿ0ಜಿ ಸೆರಾಮಿಕ್ ಇಲ್ಲವೇ ಫಿಲ್ಮ್ ಜಾತಿಯ ಕೆಪಾಸಿಟರ್ ಹಾಕಿ. ಎಕ್ಸ್7ಆರ್ ಸೆರಾಮಿಕ್ ಅಲುಗಾಡಿದರೆ ತಾನೇ ವೋಲ್ಟೇಜ್ ಹುಟ್ಟಿಸುತ್ತದೆ. 50 ಹರ್ಟ್ಜ್ ಹಮ್‌ಗೆ ಸೆಕೆಂಡಿಗೆ 10 ಸ್ಯಾಂಪಲ್ ಸಾಕು, ಎಡಿಸಿಯ ಡಿಜಿಟಲ್ ಫಿಲ್ಟರೇ ಅದನ್ನು ಮುಗಿಸುತ್ತದೆ.

ಎಕ್ಸೈಟೇಶನ್ 10 ವೋಲ್ಟ್ ಮಾಡಿದರೆ ಸಿಗ್ನಲ್ ದುಪ್ಪಟ್ಟಾಗುತ್ತದೆ, ಹೌದು. ಸೆಲ್‌ನೊಳಗಿನ ಬಿಸಿ ನಾಲ್ಕು ಪಟ್ಟಾಗುತ್ತದೆ, 71 ಮಿಲಿವ್ಯಾಟ್ ಹೋಗಿ 286. ಪವರ್ ಹಾಕಿದ ಮೇಲೆ ರೀಡಿಂಗ್ ಕೂರಲು ಜಾಸ್ತಿ ಹೊತ್ತು ಬೇಕಾಗುತ್ತದೆ. ರೆಫರೆನ್ಸನ್ನು ಮತ್ತೆ ಭಾಗಿಸಬೇಕು. ನಿಮ್ಮ ಕೆಲಸಕ್ಕೆ 5 ಸಾಕು.

ಈಗ ನಿಮ್ಮ ಝೀರೋ ಚೆನ್ನಾಗಿದೆ. ಮುಂದೆ ಚಿಕ್ಕ ತೂಕ ಅಳೆಯಲು ಹೋದಾಗ ಅದೂ ಕಾಡಬಹುದು. ಬೇರೆ ಬೇರೆ ಲೋಹಗಳು ಸೇರುವ ಪ್ರತಿ ಕನೆಕ್ಟರ್, ಪ್ರತಿ ಬೆಸುಗೆ ಒಂದು ಪುಟ್ಟ ಥರ್ಮೋಕಪಲ್, ಬಿಸಿಯ ವ್ಯತ್ಯಾಸಕ್ಕೆ ತಾನೇ ವೋಲ್ಟೇಜ್ ಹುಟ್ಟಿಸುತ್ತದೆ. ತಾಮ್ರ ಮತ್ತು ಬೆಸುಗೆಯ ನಡುವೆ ಡಿಗ್ರಿಗೆ ಕೆಲವು ಮೈಕ್ರೋವೋಲ್ಟ್‌ವರೆಗೂ ಬರಬಹುದು, ಮತ್ತು 50 ಕೆಜಿಗೆ 10 ಮಿಲಿವೋಲ್ಟ್ ಬರುವ ನಿಮ್ಮಲ್ಲಿ 1 ಮೈಕ್ರೋವೋಲ್ಟ್ ಅಂದರೆ 5 ಗ್ರಾಂ. ಪ್ಲಸ್ ಮತ್ತು ಮೈನಸ್ ಸಿಗ್ನಲ್‌ಗಳ ಕನೆಕ್ಟರ್ ಪಿನ್‌ಗಳನ್ನು ಅಕ್ಕಪಕ್ಕ ಇಡಿ, ರೆಗ್ಯುಲೇಟರ್‌ನ ಬಿಸಿಯಿಂದ ದೂರ ಇಡಿ, ಬಹುಪಾಲು ಹೋಗುತ್ತದೆ. ಅದೂ ಸಾಲದಿದ್ದರೆ ಎಸಿ ಎಕ್ಸೈಟೇಶನ್ ಇದೆ. ಎಕ್ಸೈಟೇಶನ್‌ನ ಪ್ಲಸ್ ಮೈನಸ್ ಅದಲುಬದಲು ಮಾಡುತ್ತಾ ಎರಡು ರೀಡಿಂಗ್ ತೆಗೆದು ಒಂದರಿಂದ ಒಂದನ್ನು ಕಳೆದರೆ ತೂಕ ಉಳಿಯುತ್ತದೆ, ಥರ್ಮೋಕಪಲ್ಲೂ ಆಫ್‌ಸೆಟ್ಟೂ ಹೋಗುತ್ತದೆ. ಎಡಿ7195 ಈ ಕೆಲಸಕ್ಕೇ ಮಾಡಿದ ಎಡಿಸಿ. ನೀವೇ ಟ್ರಾನ್ಸಿಸ್ಟರ್ ಹಾಕಿ ಕಟ್ಟುವುದಾದರೆ ಎರಡು ನೆನಪಿರಲಿ. ಎಕ್ಸೈಟೇಶನ್ ತಿರುಗಿದಾಗ ಸೆನ್ಸೂ ತಿರುಗುತ್ತದೆ, ಎಡಿಸಿಗೆ ಉಲ್ಟಾ ರೆಫರೆನ್ಸ್ ಹೋಗಬಾರದು. ಮತ್ತೆ, ತಿರುಗಿಸಿದ ತಕ್ಷಣ ಬರುವ ರೀಡಿಂಗನ್ನು ನಂಬಬೇಡಿ, ಕೇಬಲ್ ಮತ್ತು ಫಿಲ್ಟರ್ ಕೂರುವವರೆಗೆ ಕಾಯಿರಿ. ಸದ್ಯಕ್ಕೆ ನಿಮಗೆ ಇದ್ಯಾವುದೂ ಬೇಡ.

ಬದಲಾವಣೆ ಮಾಡಿದ ಮೇಲೆ ಸರಿಯಾಯಿತಾ ಅಂತ ನೋಡಲು ಮಧ್ಯಾಹ್ನದವರೆಗೆ ಕಾಯಬೇಕಿಲ್ಲ. 40 ಕೆಜಿ ಇಡಿ, ರೆಗ್ಯುಲೇಟರನ್ನು ತೆಗೆದು ಬೆಂಚ್ ಸಪ್ಲೈನಿಂದ ಎಕ್ಸೈಟೇಶನ್ ಮಾತ್ರ 5ರಿಂದ 4.75 ವೋಲ್ಟ್‌ಗೆ ಇಳಿಸಿ. ಶೇ. 5ರ ಬದಲಾವಣೆ ಅದು, ಈಗಿನ ಬೋರ್ಡ್‌ನಲ್ಲಿ 2 ಕೆಜಿ ಹೋಗುತ್ತದೆ. ರೇಶಿಯೋ ಸರಿಯಾಗಿದ್ದರೆ ಒಂದೆರಡು ಗ್ರಾಂ ಅಲುಗಿದರೆ ಜಾಸ್ತಿ. ಅದಕ್ಕಿಂತ ಹೆಚ್ಚು ಅಲುಗಿದರೆ ರೆಫರೆನ್ಸ್ ಪಿನ್‌ಗೆ ಎಲ್ಲಿಂದಲೋ ಬೇರೆ ವೋಲ್ಟೇಜ್ ಸೇರುತ್ತಿದೆ, ಮೈನಸ್ ಪಿನ್ ಮೊದಲು ನೋಡಿ. ಆಮೇಲೆ ಎಕ್ಸೈಟೇಶನ್ ವೈರ್ ಒಂದರಲ್ಲಿ ಬೇಕೆಂದೇ 1 ಓಮ್ ರೆಸಿಸ್ಟರ್ ಸೇರಿಸಿ. ಸೆನ್ಸ್ ಕೆಲಸ ಮಾಡುತ್ತಿದ್ದರೆ ಏನೂ ಆಗಬಾರದು, ಇಲ್ಲದಿದ್ದರೆ ನೂರು ಗ್ರಾಂಗಿಂತ ಜಾಸ್ತಿ ಬೀಳುತ್ತದೆ. ಕೊನೆಗೆ ಬೋರ್ಡ್‌ಗೆ ಮಾತ್ರ ಹೇರ್ ಡ್ರೈಯರ್ ಹಿಡಿಯಿರಿ, ಸೆಲ್‌ಗೆ ತಾಗದ ಹಾಗೆ. ಈ ಸಲ ಕದಲಿದರೆ ಅದು ಗೇನ್ ರೆಸಿಸ್ಟರ್ ಇಲ್ಲವೇ ರೆಫರೆನ್ಸನ್ನು ಅರ್ಧ ಮಾಡುವ ಡಿವೈಡರ್, ಎರಡರಲ್ಲಿ ಒಂದು.

ಮೂರೂ ಪಾಸಾದ ಮೇಲೂ 12 ಡಿಗ್ರಿಗೆ ಆರರಿಂದ ಹತ್ತು ಗ್ರಾಂ ಉಳಿದರೆ ಬೋರ್ಡನ್ನು ಬಿಟ್ಟುಬಿಡಿ. 3000 ಭಾಗದ ದರ್ಜೆಯ (ಪೂರ್ತಿ ತೂಕವನ್ನು 3000 ಭಾಗವಾಗಿ ಅಳೆಯಬಲ್ಲ) ಸೆಲ್‌ಗಳ ಸ್ವಂತ ಸ್ಪ್ಯಾನ್ (ಖಾಲಿಯಿಂದ ಪೂರ್ತಿ ತೂಕದವರೆಗಿನ ಔಟ್‌ಪುಟ್) ಸಾಮಾನ್ಯವಾಗಿ ಡಿಗ್ರಿಗೆ 12ರಿಂದ 20 ಪಿಪಿಎಂ ಜಾರುತ್ತದೆ, 40 ಕೆಜಿಗೆ ಲೆಕ್ಕ ಹಾಕಿದರೆ ಅಷ್ಟೇ ಬರುತ್ತದೆ. ಅದಕ್ಕಿಂತ ಕೆಳಗೆ ಹೋಗಬೇಕಾದರೆ ಸೆಲ್ ಪಕ್ಕ ತಾಪಮಾನದ ಸೆನ್ಸರ್ ಇಟ್ಟು ಸಾಫ್ಟ್‌ವೇರ್‌ನಲ್ಲಿ ತಿದ್ದಬೇಕು, ಇಲ್ಲವೇ ಇನ್ನೂ ಒಳ್ಳೆಯ ಸೆಲ್ ತರಬೇಕು.